ಹಳೆಯ ಎಳೆಯ ತುದಿ

“ಅಜ್ಜಾರ, ಕಲ್ತು ಮರ್ತಾಕಿಗಿಂತ ಏನೂ ಕಲೀಲಾರದಾಕೀನ ಚಲೋ ಅಲ್ಲೇನ್ರಿ?”

ಕೇಳಿದವಳು ನೀಲಗಂಗಾ. ಕೇಳಿದ್ದು ಮಠದ ಸ್ವಾಮಿಗಳನ್ನು. ಊರವರೆಲ್ಲ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಸಂಜೆ ಹೊತ್ತು ಮಠದ ಪಡಸಾಲೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಅವರೇ ಗಣಿತ ಹೇಳಿಕೊಡುತ್ತಿದ್ದರು. ಆ ದಿನದ ಪಾಠ ಮುಗಿದು ಮಕ್ಕಳು ಮನೆಗೆ ಹೋಗಿದ್ದರು.

ನೀಲಗಂಗಾಳಿಗೆ ನಲವತ್ತು ದಾಟಿತ್ತು. ಹರೆಯದಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಲಗ್ನವಾಯಿತು, ಓದು ಅರ್ಧಕ್ಕೆ ನಿಂತಿತು. ಹಾಗೆ ಬಿಟ್ಟು ಹೋದವರನ್ನು ಮತ್ತೆ ಸೇರಿಸಿಕೊಳ್ಳುತ್ತೇವೆ ಎಂದು ವಿಶ್ವವಿದ್ಯಾಲಯ ಈಗ ಹೇಳಿತ್ತು. ಆದರೆ ಅದಕ್ಕೆ ಮೊದಲು ಹೈಸ್ಕೂಲಿನ ಗಣಿತದಲ್ಲಿ ಒಂದು ಪರೀಕ್ಷೆ ಪಾಸಾಗಬೇಕು. ಅವಕಾಶ ಇದೊಂದೇ ಸಲ. ಮನೆಯವರು ‘ಈಗ್ಯಾಕ ಇದೆಲ್ಲಾ’ ಎಂದಿದ್ದರು. ಅವಳು ಹಟ ಹಿಡಿದು ಮಠಕ್ಕೆ ಬಂದು, ಮಕ್ಕಳ ಜೊತೆ ಕೊನೆಯ ಸಾಲಿನಲ್ಲಿ ಕೂತಳು.

ಮೊದಲ ದಿನವೇ ಪಕ್ಕದ ಹುಡುಗಿ ಕೇಳಿದಳು, ಎಲ್ಲಿಯವರೆಗೆ ಓದಿದ್ದೀರಿ ಎಂದು. ಕಾಲೇಜು ಮೆಟ್ಟಿಲು ಹತ್ತಿದವಳಿಗೆ ಇಷ್ಟೂ ಬಾರದೇ ಎಂದು ನಕ್ಕಾರು ಎಂಬ ಅಂಜಿಕೆಯಿಂದ, ಏಳನೇ ತರಗತಿ ಎಂದುಬಿಟ್ಟಳು. ಹೇಳಿದ ಮೇಲೆ ಅದನ್ನು ಉಳಿಸಿಕೊಳ್ಳಬೇಕಲ್ಲ. ಲೆಕ್ಕ ನೋಡಿದರೆ ಹಳೆಯದೇನೋ ನೆನಪಾಗುತ್ತಿತ್ತು. ಸೂತ್ರದ ಅರ್ಧ ಬಾಯಿಗೆ ಬರುತ್ತಿತ್ತು, ಇನ್ನರ್ಧ ಎಲ್ಲೋ ಹೋಗಿ ಕೂತಿರುತ್ತಿತ್ತು. ಬಂದ ಅರ್ಧವನ್ನೂ ಅವಳು ಅಳಿಸಿ ಹಾಕುತ್ತಿದ್ದಳು. ಹುಡುಗಿ ತೋರಿಸಿಕೊಡಲು ಬಗ್ಗಿದರೆ ಪುಸ್ತಕ ಮುಚ್ಚುತ್ತಿದ್ದಳು. ನಾಲ್ಕು ದಿನ ನೋಡಿ ಹುಡುಗಿ ಮುಂದಿನ ಸಾಲಿಗೆ ಹೋದಳು. ಪಡಸಾಲೆ ತುಂಬ ಮಕ್ಕಳ ಗದ್ದಲ. ನೀಲಗಂಗಾಳಿಗೆ ಮಾತ್ರ ಭಣಭಣ ಎನಿಸುತ್ತಿತ್ತು. ನಾಳೆಯಿಂದ ಬರುವುದು ಬೇಡ ಎಂದುಕೊಂಡೇ ಅವಳು ಇಂದು ಈ ಪ್ರಶ್ನೆ ಕೇಳಿದ್ದಳು.

ಅಜ್ಜಾರು ಎದ್ದರು. ಕರಿಹಲಗೆ ಒರೆಸಿದರು. ಕೈ ತೊಳೆದು ಬಂದು ಕೂತರು. ಆಮೇಲೆ ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಹೆಂಡತಿ ತೀರಿಕೊಂಡಳು. ಅವನು ಮಗ್ಗವನ್ನು ಇದ್ದ ಹಾಗೇ ಬಿಟ್ಟು ಬೇರೆ ಊರಿಗೆ ಹೋದ. ಅಲ್ಲಿ ಏನೇನೋ ಕೆಲಸ ಮಾಡಿದ, ಯಾವುದೂ ಕೈಗೆ ಹತ್ತಲಿಲ್ಲ. ಬಹಳ ವರ್ಷಗಳ ಮೇಲೆ ಊರಿಗೆ ಮರಳಿದ. ಅವನ ಹಳೆಯ ಕೈಚಳಕವನ್ನು ಬಲ್ಲ ಒಬ್ಬ ವ್ಯಾಪಾರಿ ರೇಷ್ಮೆ ನೂಲು ಕೊಟ್ಟು, ಮಗಳ ಮದುವೆಗೆ ಸೀರೆ ನೇಯ್ದುಕೊಡು ಎಂದ. ಸೀರೆ ಚೆನ್ನಾಗಿ ಬಂದರೆ ಮುಂದೆ ನನ್ನ ಅಂಗಡಿಗೆಲ್ಲ ನೀನೇ ನೇಯಬೇಕು ಎಂದ. ನೇಕಾರನಿಗೆ ಹೋದ ಜೀವ ಬಂದಂತಾಯಿತು.

ಮಗ್ಗದಲ್ಲಿ ಹಳೆಯ ಹಾಸು ಹಾಗೇ ಇತ್ತು. ನೀಲಗಂಗಾ ನೇಕಾರರ ಓಣಿ ಕಂಡವಳಲ್ಲ. ಆದ್ದರಿಂದ ಅಜ್ಜಾರು ಬಿಡಿಸಿ ಹೇಳಿದರು. ಹಾಸು ಎಂದರೆ ಉದ್ದಕ್ಕೆ ಹೂಡಿದ ಎಳೆಗಳು. ಒಂದೊಂದು ಎಳೆಯೂ ಮಗ್ಗದ ಒಂದೊಂದು ಸಣ್ಣ ಕಣ್ಣನ್ನು ಹಾದು ಬರಬೇಕು. ಅಂಥ ಕಣ್ಣುಗಳು ಸಾವಿರಗಟ್ಟಲೆ. ಅದಕ್ಕೇ ಒಂದು ಸೀರೆ ಮುಗಿದಾಗ ಹಾಸಿನ ಕೊನೆಯನ್ನು ಕಣ್ಣುಗಳಲ್ಲೇ ಬಿಟ್ಟಿರುತ್ತಾರೆ. ಬೆರಳಿಗೆ ಬೂದಿ ಹಚ್ಚಿಕೊಂಡು, ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನು ಹೊಸೆಯುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಆಮೇಲೆ ಹಳೆಯದನ್ನು ಎಳೆದರೆ ಸಾಕು, ಹೊಸದು ಅದರ ಬೆನ್ನು ಹತ್ತಿ ಕಣ್ಣು ದಾಟಿ ಬರುತ್ತದೆ.

ಆ ಹಳೆಯ ಹಾಸಿನ ಮೇಲೆ ಗೇಣುದ್ದ ಬಟ್ಟೆ ಇತ್ತು. ಹೆಂಡತಿ ಕಾಯಿಲೆಯಿಂದ ಮಲಗಿದ್ದಾಗ ಅವನು ನೇಯ್ದದ್ದು. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ, ಅಂಚು ಸೊಟ್ಟ. ಬಂದವರೆಲ್ಲ ಅದನ್ನು ನೋಡುತ್ತಾರಲ್ಲ ಎಂದು ನೇಕಾರನಿಗೆ ನಾಚಿಕೆಯಾಯಿತು. ನೆರೆಮನೆಯ ಮುದುಕಿ ಬಂದು ಎಳೆಗಳನ್ನು ಜಗ್ಗಿ ನೋಡಿದಳು.

“ಎಳಿ ಗಟ್ಟಿ ಅದಾವೋ ತಮ್ಮಾ. ನಾವು ನಾಕು ಮಂದಿ ಕುಂತ್ರ ಸಂಜೀ ಮಟಾ ಕೆಚ್ಚಿಬಿಡ್ತೀವಿ.”

“ಬ್ಯಾಡ ಬಿಡಬೇ. ಇದರ ಮಾರಿ ನೋಡೂದ ಬ್ಯಾಡ ನನಗ. ಹೊಸಾದ ಹೂಡ್ತೀನಿ.”

ಮುದುಕಿ ಹೋದಳು. ನೇಕಾರ ಕತ್ತರಿ ತಂದು ಹಾಸನ್ನು ಕತ್ತರಿಸಿ ಹಾಕಿದ. ಎಳೆಗಳನ್ನು ಕಣ್ಣುಗಳಿಂದ ಕಿತ್ತು ತೆಗೆದ. ತಲೆಯ ಮೇಲಿನ ಭಾರ ಇಳಿದಂತಾಯಿತು.

ಖಾಲಿ ಕಣ್ಣಿಗೆ ಎಳೆ ಪೋಣಿಸುವುದು ಇಬ್ಬರ ಕೆಲಸ. ಒಬ್ಬರು ಆಚೆ ಕೂತು ಎಳೆ ಕೊಡಬೇಕು, ಇನ್ನೊಬ್ಬರು ಈಚೆ ಕೂತು ಎಳೆದುಕೊಳ್ಳಬೇಕು. ಹಿಂದೆ ಆಚೆ ಕೂರುತ್ತಿದ್ದವಳು ಹೆಂಡತಿ. ಈಗ ಅವನೇ ಆಚೆ ಹೋಗಿ ಎಳೆ ತೂರಿಸಿದ, ಈಚೆ ಬಂದು ಎಳೆದ, ಮತ್ತೆ ಆಚೆ ಹೋದ. ಅಷ್ಟರಲ್ಲಿ ಮೊದಲಿನದು ಜಾರಿರುತ್ತಿತ್ತು. ಯಾರನ್ನಾದರೂ ಕರೆಯೋಣವೆಂದರೆ, ಹಾಸು ಕತ್ತರಿಸಿದ್ದನ್ನು ಹೇಳಬೇಕಾಗುತ್ತಿತ್ತು. ನೇಯ್ಗೆಯನ್ನೇ ಬಿಟ್ಟ ಮನೆಯವರ ಹೊರತು ಆ ಓಣಿಯಲ್ಲಿ ಯಾರೂ ಮಗ್ಗದ ಕಣ್ಣು ಬರಿದು ಮಾಡುತ್ತಿರಲಿಲ್ಲ. ಅವನು ಯಾರನ್ನೂ ಕರೆಯಲಿಲ್ಲ. ಎಲ್ಲರ ಮನೆಯಿಂದಲೂ ಮಗ್ಗದ ಸದ್ದು ಕೇಳುತ್ತಿತ್ತು. ಅವನ ಮನೆಯಲ್ಲಿ ಕೇಳುತ್ತಿದ್ದದ್ದು ಅವನ ಹೆಜ್ಜೆಯ ಸದ್ದು. ಆಚೆಯಿಂದ ಯಾರಾದರೂ ‘ಹ್ಞೂಂ, ತಗೋ’ ಎಂದಿದ್ದರೆ ಸಾಕಿತ್ತು ಎನಿಸಿ ಅವನಿಗೆ ಅಳು ಬಂತು. ಅತ್ತ. ಕಣ್ಣೊರೆಸಿಕೊಂಡು ಮತ್ತೆ ಆಚೆ ಹೋದ.

ಮದುವೆಯ ದಿನ ಬಂತು. ವ್ಯಾಪಾರಿಯ ಮಗಳು ಬೇರೆ ಯಾರೋ ನೇಯ್ದ ಸೀರೆ ಉಟ್ಟಳು.

ಅಜ್ಜಾರು ಅಲ್ಲಿಗೆ ನಿಲ್ಲಿಸಿದರು.

ಕತ್ತರಿಯ ಮಾತು ಬಂದಾಗಲೇ ನೀಲಗಂಗಾಳಿಗೆ ಕತೆ ಯಾರದೆಂದು ತಿಳಿದುಹೋಗಿತ್ತು. ಅಜ್ಜಾರಿಗೆ ತನ್ನ ಸುಳ್ಳು ಗೊತ್ತಿದೆ ಎಂದು ಮುಖ ಕೆಂಪಾಯಿತು. ಅದನ್ನು ಒಪ್ಪಿಕೊಳ್ಳಲು ಅವಳು ತಯಾರಿದ್ದಳು. ಆದರೆ ಇಷ್ಟು ದಿನ ಒಬ್ಬಳೇ ಕೂತ ಸಂಕಟ ಎದೆಯಲ್ಲಿ ಹಾಗೇ ಇತ್ತು.

“ಹಾಸು ಕತ್ತರಿಸಿದ್ದು ಅವನ ತಪ್ಪು, ಖರೇ ಅದರಿ,” ಎಂದಳು. “ಆದ್ರ ಓಣ್ಯಾಗ ಅಷ್ಟು ಮಂದಿ ಇದ್ರಲ್ರಿ ಅಜ್ಜಾರ. ಒಬ್ಬರರೆ ಬಂದು ಆಚೀ ಕಡೆ ಕೂಡಬಾರದಿತ್ತೇನ್ರಿ?”

“ದಿನಾ ಬಂದು ಕದಾ ಬಡೀತಿದ್ರು ತಂಗಿ,” ಎಂದರು ಅಜ್ಜಾರು, “ಅಂವ ಒಳಗಿಂದ ಚಿಲಕಾ ಹಾಕ್ಕೊಂಡಿದ್ದ.”