ಕೇಕಿನ ಟಿನ್ನಿನ ತಳ

ಲಾಕ್‌ಡೌನಿನಲ್ಲಿ ಮನೆಯೊಳಗೆ ಕೂತು ಬೇಸತ್ತ ಸದಾನಂದ ರಾಯರು ಕೇಕ್ ಮಾಡಲು ಹೊರಟರು. ಅಂದು ಸಂಜೆ ಅವರ ಹೊಸ ಟಿನ್ನು ಸಿಂಕಿನಲ್ಲಿ ಬಿದ್ದುಕೊಂಡೇ ಜಂಬ ಕೊಚ್ಚಿತು: "ಇನ್ನು ಈ ಮನೆಯ ಅಡುಗೆ ನನ್ನದು. ನನ್ನ ಫೋಟೊ ನೆಂಟರಿಷ್ಟರಿಗೆಲ್ಲ ಹೋಗಿದೆ."

ಪಾತ್ರೆ ತಿಕ್ಕುವ ತೆಂಗಿನ ನಾರಿಗೆ ಮೈಯೆಲ್ಲ ಉರಿಯಿತು. ಟಿನ್ನಿನ ತಳಕ್ಕೆ ಸೀದು ಅಂಟಿದ ಕೇಕನ್ನು ಕೆರೆದು ಕೆರೆದು ಅದರ ಅರ್ಧ ಎಳೆ ಉದುರಿಹೋಗಿತ್ತು.

"ಫೋಟೊ ಮೇಲಿನಿಂದ ತೆಗೆದದ್ದು. ನಿನ್ನ ತಳ ಕಂಡವರು ಇಬ್ಬರೇ, ನಾನು ಮತ್ತು ನನ್ನನ್ನು ಹಿಡಿದು ತಿಕ್ಕುತ್ತಿರುವ ರಾಯರ ಹೆಂಡತಿ ವಾರಿಜಮ್ಮ," ಎಂದಿತು.

"ತಿಕ್ಕುವವರಿಗೆ ರುಚಿಯ ಮಾತೇಕೆ?" ಎಂದಿತು ಟಿನ್ನು.

ಲಾಕ್‌ಡೌನ್ ಮುಗಿಯಿತು. ರಾಯರು ಕೇಕನ್ನು ಮರೆತು ಆಫೀಸಿಗೆ ಹೋದರು. ವಾರಿಜಮ್ಮ, "ಸದ್ಯ, ಇದನ್ನು ತಿಕ್ಕುವುದು ತಪ್ಪಿತು," ಎನ್ನುತ್ತ ಟಿನ್ನನ್ನು ಬಾಲ್ಕನಿಗೆ ಒಯ್ದು, ಸೋರುವ ನೀರು ಹಿಡಿಯಲೆಂದು ಪುದೀನ ಕುಂಡದ ಅಡಿಗೆ ಇಟ್ಟರು.

ಕಿಟಕಿಯಲ್ಲಿ ಒಣಗುತ್ತಿದ್ದ ನಾರು, ಈಗಲಾದರೂ ಇದರ ಬಾಯಿ ಮುಚ್ಚೀತೆಂದು ಕಿವಿಗೊಟ್ಟಿತು. ಕೆಸರುನೀರಿನಲ್ಲಿ ಕೂತ ಟಿನ್ನು ಪುದೀನಕ್ಕೆ ಹೇಳುತ್ತಿತ್ತು: "ಅಡುಗೆಯಲ್ಲಿ ನಾನು ಸಾಧಿಸುವುದು ಇನ್ನೇನೂ ಉಳಿದಿರಲಿಲ್ಲ. ಅದಕ್ಕೇ ತೋಟಗಾರಿಕೆಗೆ ಇಳಿದೆ."