ಕೋವಿಯ ಹಿಡಿಗೆ ಚೌಕುಳಿ ಕೊರೆದ ಬಡಗಿ

"ತಾಯಿ, ನನ್ನೊಳಗಿನ ಸಿಟ್ಟು ಪೂರ್ತಿ ಹೋಗುವ ಮೊದಲೇ ನಾನು ಇನ್ನೊಬ್ಬರ ಸೇವೆಗೆ ಹೊರಡುವುದು ಸರಿಯೇ?" ಎಂದು ಶಿಷ್ಯ ಗುರುಪಾದ ಮಠದ ಹಿರಿಯರಾದ ಶಿವಗಂಗಮ್ಮನವರನ್ನು ಕೇಳಿದ.

ಆ ವಾರದಲ್ಲಿ ಅವನು ಇದೇ ಪ್ರಶ್ನೆ ಕೇಳುತ್ತಿದ್ದುದು ಮೂರನೆಯ ಸಲ. ಮೊದಲ ಸಲ ಸಿಟ್ಟಿನ ಜಾಗದಲ್ಲಿ ಆಸೆ ಇತ್ತು. ಎರಡನೆಯ ಸಲ ಅಹಂಕಾರ ಇತ್ತು. ಇನ್ನೆರಡು ದಿನ ಬಿಟ್ಟರೆ ಅವನು ಮತ್ತೊಂದನ್ನು ಹುಡುಕಿಕೊಂಡು ಬರುತ್ತಾನೆ ಎಂಬುದು ಅವರಿಗೆ ಗೊತ್ತಿತ್ತು.

ಹೊಳೆಯಾಚೆಯ ಹಳ್ಳಿಯಲ್ಲಿ ಜ್ವರ ಹಬ್ಬಿತ್ತು. ಮನೆ ಮನೆಯಲ್ಲೂ ಜನ ಮಲಗಿದ್ದರು. ಒಂದು ಲೋಟ ಗಂಜಿ ಕಾಯಿಸಿ ಕೊಡುವವರಿರಲಿಲ್ಲ. ಯಾರನ್ನಾದರೂ ಕಳಿಸಿಕೊಡಿ ಎಂದು ಅಲ್ಲಿಂದ ಒಬ್ಬ ಹೆಂಗಸು ಮಠಕ್ಕೆ ಮೂರು ಸಲ ಬಂದಿದ್ದಳು. ಈಗಲೂ ಜಗಲಿಯ ತುದಿಯಲ್ಲಿ ಕುಳಿತಿದ್ದಳು. ಶಿವಗಂಗಮ್ಮನವರ ಮೊಣಕಾಲು ಮಾತು ಕೇಳುತ್ತಿದ್ದರೆ ಈ ಪ್ರಶ್ನೋತ್ತರಕ್ಕೆ ಕಾಯದೆ ಅವರೇ ಎದ್ದು ಹೋಗಿಬಿಡುತ್ತಿದ್ದರು. ಮಠದಲ್ಲಿ ಗಟ್ಟಿಯಾಗಿ ನಡೆಯಬಲ್ಲವನು ಗುರುಪಾದನೊಬ್ಬನೇ. ಅವನೋ, ತನ್ನ ಮನಸ್ಸನ್ನು ತೊಳೆಯುತ್ತಾ ಕುಳಿತಿದ್ದ.

"ಕೂತುಕೋ" ಎಂದರು. "ಕೂತೇ ಇದ್ದೀಯ, ಅದೂ ಸರಿ. ಕೇಳು."

ಒಬ್ಬ ರೈತನಿದ್ದ. ಅವನ ಹೊಲ ಕಾಡಿನ ಅಂಚಿನಲ್ಲಿತ್ತು. ಕಾಡುಹಂದಿಯಿಂದ ಬೆಳೆ ಕಾಯಲು ಒಂದು ಕೋವಿ ಇಟ್ಟುಕೊಂಡಿದ್ದ. ಒಂದು ವರ್ಷ ಮಳೆಯಲ್ಲಿ ನೆನೆದ ಕೈಯಿಂದ ಕೋವಿಯ ಮರದ ಹಿಡಿ ಜಾರಿತು. ಗುಂಡು ನೆಲಕ್ಕೆ ಹೋಯಿತು. ಹಂದಿ ಅವನ ತೊಡೆ ಸೀಳಿತು. ಅಂದಿನಿಂದ ರೈತ ಕುಂಟುತ್ತಿದ್ದ.

ಮರುವರ್ಷ ಮುಸುಕಿನ ಜೋಳ ತೆನೆ ಬಿಡುವ ಹೊತ್ತಿಗೆ ಅವನು ಒಬ್ಬ ಬಡಗಿಯ ಬಳಿಗೆ ಹೋದ.

"ಆಚಾರ್ರೇ, ಹಿಡಿಯ ಮೇಲೆ ಚೌಕುಳಿ ಕೊರೆದುಕೊಡಿ. ಕೈ ಜಾರದಿದ್ದರೆ ಸಾಕು" ಎಂದ.

ಬಡಗಿ ನಳಿಗೆಯನ್ನು ಬಿಚ್ಚಿ ಮೂಲೆಗೆ ಒರಗಿಸಿದ. ಮರವನ್ನು ತೊಡೆಯ ಮೇಲೆ ಇಟ್ಟುಕೊಂಡ.

ಆ ಕೆಲಸದ ರೀತಿ ಹೀಗೆ. ಉಳಿಗೆ ಎರಡು ಸಾಲು ಹಲ್ಲು. ಒಂದು ಸಾಲು ಆಗಲೇ ಕೊರೆದ ಗೆರೆಯೊಳಗೆ ಕೂರುತ್ತದೆ. ಇನ್ನೊಂದು ಸಾಲು ಪಕ್ಕದಲ್ಲಿ ಹೊಸ ಗೆರೆ ಕೊರೆಯುತ್ತದೆ. ಹಿಂದಿನ ಗೆರೆ ಹೋದ ದಾರಿಯಲ್ಲೇ ಮುಂದಿನ ಗೆರೆಯೂ ಹೋಗಬೇಕು. ಒಂದು ಓರೆಯ ಗೆರೆಗಳೆಲ್ಲ ಮುಗಿದ ಮೇಲೆ ಅವನ್ನು ಅಡ್ಡ ಹಾಯುವಂತೆ ಇನ್ನೊಂದು ಓರೆಯಲ್ಲಿ ಕೊರೆಯುತ್ತಾರೆ. ಆಗ ಹಲಸಿನ ಸಿಪ್ಪೆಯ ಮುಳ್ಳಿನಂಥ ಸಣ್ಣ ಮೊನೆಗಳು ಏಳುತ್ತವೆ. ನೆನೆದ ಕೈಯೂ ಅದರ ಮೇಲೆ ನಿಲ್ಲುತ್ತದೆ.

ಐದು ದಿನ ಬಿಟ್ಟು ರೈತ ಬಂದ. ಕೊರೆಯುವುದು ಮುಗಿದಿತ್ತು. ಅವನು ಅಂಗೈಯನ್ನು ನೀರಿನಲ್ಲಿ ಅದ್ದಿ ಹಿಡಿಯನ್ನು ಹಿಡಿದು ನೋಡಿದ. ಜಗ್ಗಿದ, ತಿರುಗಿಸಿದ. ಕೈ ಜಾರಲಿಲ್ಲ.

"ಆಯಿತಲ್ಲ ಆಚಾರ್ರೇ! ನಳಿಗೆ ಜೋಡಿಸಿ ಕೊಡಿ."

ಬಡಗಿ ಅದನ್ನು ಅವನ ಕೈಯಿಂದ ಕಿತ್ತುಕೊಂಡ.

"ನಿಮಗೆ ಕಣ್ಣಿದೆಯೇ ಗೌಡ್ರೇ? ಏಳನೆಯ ಗೆರೆ ನಡುವೆ ಕೂದಲೆಳೆಯಷ್ಟು ಬಾಗಿದೆ. ಅದರ ಬೆನ್ನಿಗೆ ಬಿದ್ದು ಉಳಿದವೂ ಬಾಗಿವೆ."

"ಹಂದಿ ಏನು ಗೆರೆ ಎಣಿಸಿ ಓಡುತ್ತದೆಯೇ?"

"ಹಂದಿ ಎಣಿಸದಿದ್ದರೆ ಬೇಡ, ನಾನು ಎಣಿಸುತ್ತೇನೆ. ಇಂಥದ್ದು ನನ್ನ ಕೈಯಿಂದ ಹೊರಗೆ ಹೋಗಬಾರದು. ಮುಂದಿನ ವಾರ ಬನ್ನಿ."

ರೈತನ ಕಣ್ಣೆದುರಿಗೇ ಅವನು ಅಷ್ಟನ್ನೂ ಹೆರೆದು ನುಣುಪು ಮಾಡಿದ.

ಮುಂದಿನ ವಾರ ಗೆರೆಗಳು ನೆಟ್ಟಗಿದ್ದವು. ಆದರೆ ಒಂದು ಗೆರೆ ಅಂಚು ದಾಟಿ ಎಳ್ಳುಕಾಳಿನಷ್ಟು ಆಚೆ ಹೋಗಿತ್ತು. ರೈತ ಬರುವಷ್ಟರಲ್ಲಿ ಬಡಗಿ ಅದನ್ನೂ ಹೆರೆದಿದ್ದ. ಅದರ ಮುಂದಿನ ಸಲ ಮೊನೆಗಳು ಒಂದು ಕಡೆ ಚೂಪಾಗಿ, ಒಂದು ಕಡೆ ಮೊಂಡಾಗಿ ಕಂಡವಂತೆ. ಕಂಡದ್ದು ಬಡಗಿಗೆ. ರೈತನ ಅಂಗೈಗೆ ಎಲ್ಲವೂ ಒಂದೇ ಆಗಿತ್ತು. ಅತ್ತ ಹಂದಿಗಳು ಹೊಲಕ್ಕೆ ಇಳಿದಿದ್ದವು. ರೈತ ಡಬ್ಬ ಬಡಿದ, ಕೂಗಿದ, ಬೆಂಕಿ ಹಾಕಿದ. ಎರಡು ದಿನ ಹೆದರಿದ ಹಂದಿಗಳು ಮೂರನೆಯ ದಿನ ಡಬ್ಬದ ಸದ್ದಿಗೆ ತಲೆ ಎತ್ತುವುದನ್ನೂ ಬಿಟ್ಟವು.

"ಮೊದಲನೇ ದಿನವೇ ಕಸಿದುಕೊಂಡು ಓಡಬೇಕಿತ್ತು, ಪೆದ್ದ!" ಎಂದಳು ಜಗಲಿಯ ಮೇಲಿದ್ದ ಹೆಂಗಸು.

"ಓಡಬೇಕಿತ್ತು, ಏನು ಮಾಡುವುದು? ಕೇಳಿ ಪಡೆಯುವವನಿಗೆ ಕಸಿಯುವ ಧೈರ್ಯ ಇರುವುದಿಲ್ಲವಮ್ಮ" ಎಂದು ಶಿವಗಂಗಮ್ಮನವರು ಕತೆ ಮುಂದುವರಿಸಿದರು.

ಆರನೆಯ ಸಲ ರೈತ ಬಂದಾಗ ಸಂಜೆಯಾಗಿತ್ತು. ಅವನು ನೀರಿಗೆ ಕೈ ಅದ್ದಲಿಲ್ಲ, ಕೂರಲೂ ಇಲ್ಲ.

"ಅರ್ಧ ಹೊಲ ಹಂದಿಯ ಹೊಟ್ಟೆ ಸೇರಿದೆ. ಉಳಿದರ್ಧ ಹೋದರೆ ನಾನೂ ಹೆಂಡತಿ ಮಕ್ಕಳೂ ಈ ವರ್ಷ ತಿನ್ನುವುದೇನು? ಮರ ಹೇಗಿದೆಯೋ ಹಾಗೇ ಜೋಡಿಸಿ ಕೊಡಿ."

ಮರ ಬಡಗಿಯ ತೊಡೆಯ ಮೇಲಿತ್ತು. ಆಗಷ್ಟೇ ಹೆರೆದದ್ದು. ಒಂದು ಗೆರೆಯೂ ಇರಲಿಲ್ಲ. ಹೆರೆದೂ ಹೆರೆದೂ ಅದು ಸೊರಗಿತ್ತು. ನಳಿಗೆ ಜೋಡಿಸಿದರೆ ಹಿಡಿಯ ಕುತ್ತಿಗೆಯ ಬಳಿ ಮುರಿಯುವಂತಿತ್ತು.

"ಇದು ಇನ್ನು ಕೆಲಸಕ್ಕೆ ಬಾರದು. ಹೊಸ ಬೀಟೆ ಮರ ತರಿಸಿದ್ದೇನೆ. ಎರಡು ತಿಂಗಳು ಒಣಗಲಿ. ಆಮೇಲೆ ನೋಡಿ, ಗೆರೆ ಅಂದರೆ ಏನು ಅಂತ ತೋರಿಸುತ್ತೇನೆ" ಎಂದ ಬಡಗಿ.

ರೈತ ಅವನ ಮುಖವನ್ನೇ ನೋಡಿದ. ಅಂಗಳದ ಮರದ ರಾಶಿಯಿಂದ ಒಂದು ಬಡಿಗೆ ಎಳೆದುಕೊಂಡ. ಅದನ್ನು ಕೈಯಲ್ಲಿ ತೂಗಿ ನೋಡಿ, ಕುಂಟುತ್ತಾ ಹೊಲದ ದಾರಿ ಹಿಡಿದ.

"ಎರಡೇ ತಿಂಗಳು ಗೌಡ್ರೇ! ಈ ಸಲ ತಪ್ಪುವುದಿಲ್ಲ!" ಎಂದು ಬಡಗಿ ಹಿಂದಿನಿಂದ ಕೂಗಿದ.

ಅಷ್ಟಕ್ಕೆ ಶಿವಗಂಗಮ್ಮನವರು ಕತೆ ನಿಲ್ಲಿಸಿದರು. ಗುರುಪಾದ ಕಾದ. ಹೆಂಗಸು ಎದ್ದು ನಿಂತು ಸೆರಗು ಕೊಡವಿಕೊಂಡಳು. ಕತ್ತಲಾಗುವುದರೊಳಗೆ ಅವಳು ಹೊಳೆ ದಾಟಬೇಕಿತ್ತು.

ಗುರುಪಾದನಿಗೆ ತಡೆಯಲಾಗಲಿಲ್ಲ.

"ತಾಯಿ, ಆ ಹೊಸ ಮರದ ಮೇಲಾದರೂ ಗೆರೆಗಳು ನೆಟ್ಟಗೆ ಬಂದವೇ?"

ಶಿವಗಂಗಮ್ಮನವರು ಹೇಳಿದರು: "ಬಡಿಗೆ ಹಿಡಿದು ಹೋದವನು ಬದುಕಿ ಬಂದನೇ ಎಂದು ನೀನು ಕೇಳಲಿಲ್ಲ."