ಕೆಸರೇಡಿಯ ದೊಡ್ಡ ಕೈ

ಭೂಮಿಯ ಕೆಸರು ಇನ್ನೂ ಸರಿಯಾಗಿ ಕೂತಿರಲಿಲ್ಲ, ಹೊಳೆಗಳಿಗೆ ಯಾರೂ ಹೆಸರು ಇಟ್ಟಿರಲಿಲ್ಲ, ಆಗಿನ ಮಾತು ಇದು. ಹೊಳೆ ಸಮುದ್ರ ಸೇರುವ ಕಡೆ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಮರಗಳ ಕಾಡು ಆಗಷ್ಟೇ ಬೇರು ಇಳಿಸುತ್ತಿತ್ತು. ಅಲ್ಲಿನ ಕೆಸರೇಡಿಗೆ ಎರಡೂ ಕೈ ಒಂದೇ ಅಳತೆ. ಇದೂ ಅಕ್ಕಿಕಾಳಿನಷ್ಟು, ಅದೂ ಅಕ್ಕಿಕಾಳಿನಷ್ಟು.

ಉಪ್ಪುನೀರು ಇನ್ನೂ ಹೊತ್ತುಗೊತ್ತು ಕಲಿತಿರಲಿಲ್ಲ. ಮನಸ್ಸು ಬಂದಾಗ ಏರುತ್ತಿತ್ತು, ಮನಸ್ಸು ಬಂದಾಗ ಇಳಿಯುತ್ತಿತ್ತು.

ನೀರು ಇಳಿದಾಗ ಸುಕ್ರಿ ಮತ್ತು ಅವಳ ತಂಗಿ ಮಂಕಾಳಿ ಬುಟ್ಟಿ ಹಿಡಿದು ಕೆಸರಿಗೆ ಇಳಿಯುತ್ತಿದ್ದರು. ಕೆಸರಿನೊಳಗೆ ಬಾಯಿ ಮುಚ್ಚಿ ಕೂತ ಬಳಚಿನ ಚಿಪ್ಪುಗಳನ್ನು ಹೆಕ್ಕುವುದು ಅವರ ಕೆಲಸ. ಬಗ್ಗಿ ಹೆಕ್ಕುವವರಿಗೆ ಹಿಂದಿನಿಂದ ನೀರು ಬಂದರೆ ಗೊತ್ತಾಗುವುದು ಹೇಗೆ? ಒಮ್ಮೆ ಮಂಕಾಳಿಯ ಕುತ್ತಿಗೆ ತನಕ ಬಂದಿತ್ತು.

ಸುಕ್ರಿ ಹೊಳೆಯನ್ನು ಕೇಳಿದಳು, "ತಿರುಗಿ ಬರೂಕಿಂತ ಮೊದಲು ಒಂದು ಮಾತು ಹೇಳೂಕೆ ನಿಂಗೆ ಎಂತ ಕಷ್ಟ?"

"ನಂಗೇ ಯಾರೂ ಹೇಳೂದಿಲ್ಲ ತಂಗಿ," ಅಂದಿತು ಹೊಳೆ. "ಸಮುದ್ರ ಹಿಂದಕ್ಕೆ ದೂಡ್ತದೆ, ನಾ ಬರ್ತೆ."

ಗಾಳಿಯನ್ನು ಕೇಳಿದಳು. "ನಾ ಒಂದು ಕಡೆ ನಿಂತವನೇ ಅಲ್ಲ. ಕಾವಲಿಗೆ ಬೇರೆಯವರನ್ನ ನೋಡು," ಅಂದ ಗಾಳಿ, ಮಾತು ಮುಗಿಯುವುದರೊಳಗೆ ಹೋಗಿಯೂ ಆಯಿತು.

ಆಗ ಅವಳ ಕಾಲಬುಡದಲ್ಲಿ ಏಡಿ ತಲೆ ಎತ್ತಿತು. "ನಾ ನೋಡ್ತೆ ಅಕ್ಕ. ನೀರು ಮೊದಲು ಬರೂದು ನನ್ನ ಮನೆ ಬಾಗಿಲಿಗೇ ಅಲ್ವಾ?"

"ನೋಡಿದ್ರೆ ಆಯ್ತಾ? ನಮಗೆ ಹೇಳೂದು ಹೇಗೆ?"

"ನೀರು ಕಂಡಕೂಡ್ಲೇ ಕೈ ಬೀಸ್ತೆ."

ಮಂಕಾಳಿ ನಕ್ಕಳು. "ಈ ಕೈಯಾ? ಇದನ್ನ ಕಾಣೂಕೆ ನಾನು ಮೂಗು ಕೆಸರಿಗೆ ತಾಗಿಸಬೇಕು."

ಸುಕ್ರಿ ಒಂದು ಬಿಳಿ ಚಿಪ್ಪು ಆರಿಸಿ, ಕಾಂಡ್ಲಾ ತೊಗಟೆಯ ಅಂಟು ಬಳಿದು, ಏಡಿಯ ಕೈಗೆ ಕೂರಿಸಿದಳು. ಬಿಸಿಲಿಗೆ ಒಣಗಿ ಚಿಪ್ಪೇ ಕೈಯಾಯಿತು.

"ಇನ್ನೊಂದಕ್ಕೂ ಹಾಕ್ಲಾ?"

"ಬೇಡ ಬೇಡ. ಉಂಬೂದು ಯಾವುದರಲ್ಲಿ?"

ಏಡಿಯ ಹೆಂಡತಿಯನ್ನೂ ಕೇಳಿದರು. "ನಂಗೆ ಉಂಬೂಕೆ ಎರಡು ಕೈಯೇ ಸಾಲೂದಿಲ್ಲ," ಅಂದು ಅವಳು ಬಿಲ ಸೇರಿದಳು.

ಮಾರನೇ ದಿನ ಏಡಿ ಕೈ ಬೀಸಿತು. ಅಕ್ಕತಂಗಿ ದಡಕ್ಕೆ ಓಡಿದರು. ನೀರಿಲ್ಲ. ಮತ್ತೆ ಬೀಸಿತು. ಮತ್ತೆ ಓಡಿದರು. ನೀರಿಲ್ಲ.

"ಎಂತಕ್ಕೆ ಮಾರಾಯ ಬೀಸೂದು?"

"ಕೈ ಚಂದ ಕಾಣ್ತದೆ ಅಕ್ಕ. ಸುಮ್ಮನೆ ಇಡೂಕೆ ಮನಸ್ಸೇ ಬರೂದಿಲ್ಲ."

ಅದನ್ನು ನೋಡಿ ಉಳಿದ ಗಂಡೇಡಿಗಳೂ ಚಿಪ್ಪು ಅಂಟಿಸಿಕೊಂಡವು. ಈಗ ದಡದುದ್ದಕ್ಕೂ ಬಿಳಿ ಕೈಗಳು, ಮೇಲೆ ಕೆಳಗೆ, ಮೇಲೆ ಕೆಳಗೆ.

"ಇವನ್ನ ನಂಬಿದ್ರೆ ಬುಟ್ಟಿ ತುಂಬಿದ ಹಾಗೇ," ಅಂದು ಮಂಕಾಳಿ ದೂರದ ದಿಬ್ಬದ ಕಡೆ ನಡೆದಳು.

ಆ ಹೊತ್ತಿಗೇ ನೀರು ತಿರುಗಿತು. ಏಡಿ ನೋಡಿತು, ಹೆದರಿತು, ಬಿಲಕ್ಕೆ ಓಡಿ ಕೆಸರಿನ ಮುದ್ದೆಯಿಂದ ಬಾಗಿಲು ಮುಚ್ಚಿತು. ಬೀಸುವುದು ಮರೆತೇ ಹೋಯಿತು. ಉಳಿದ ಏಡಿಗಳೂ ತಮ್ಮ ತಮ್ಮ ಬಿಲ ಸೇರಿದವು.

ಸುಕ್ರಿ ಬೆನ್ನು ನೆಟ್ಟಗೆ ಮಾಡಿದಳು. ಏನೋ ಸರಿ ಇಲ್ಲ. ಅಷ್ಟು ಹೊತ್ತೂ ಕಣ್ಣಂಚಿನಲ್ಲಿ ಮಿಣಮಿಣ ಅನ್ನುತ್ತಿದ್ದ ದಡ ಈಗ ಬರಿ ಕೆಸರು. ಒಂದು ಕೈಯೂ ಇಲ್ಲ.

"ಮಂಕಾಳಿ, ಬುಟ್ಟಿ ಬಿಡು. ಬಾ."

ಮಂಕಾಳಿಯ ಕಾಲು ಮೊಣಕಾಲ ತನಕ ಹೂತಿತ್ತು. ಸುಕ್ರಿ ಅಲ್ಲಿಗೇ ಓಡಿ, ಎರಡೂ ರಟ್ಟೆ ಹಿಡಿದು ಎಳೆದು, ತಂಗಿಯನ್ನು ಕಾಂಡ್ಲಾ ಬೇರಿನ ಮೇಲೆ ಹತ್ತಿಸಿದಳು. ಬುಟ್ಟಿ ತೇಲಿ ಹೋಯಿತು.

ನೀರು ಇಳಿದ ಮೇಲೆ ಏಡಿ ಹೊರಗೆ ಬಂತು. ದೊಡ್ಡ ಕೈಯನ್ನು ಮುಖಕ್ಕೆ ಅಡ್ಡ ಹಿಡಿದಿತ್ತು.

"ಹೆದರಿಬಿಟ್ಟೆ ಅಕ್ಕ. ಈ ಕೈ ತೆಗೆದುಬಿಡು."

ಸುಕ್ರಿ ಬೆರಳಿನಿಂದ ಆ ಕೈಯನ್ನು ಪಕ್ಕಕ್ಕೆ ಸರಿಸಿದಳು. "ಬೇಡ. ನೀ ಬೀಸೂದು ಸುಳ್ಳು, ನಿಲ್ಲಿಸೂದು ಖರೆ. ಇನ್ನು ನೀರು ಇಲ್ಲದಷ್ಟು ಹೊತ್ತೂ ಬೀಸು, ಆಸೆ ತೀರುವಷ್ಟು. ನೀರು ಕಂಡ್ರೆ ಓಡಿ ಬಾಗಿಲು ಹಾಕು. ಆಗ ನಾವೂ ಏಳ್ತೇವೆ."

"ಇಷ್ಟೇಯಾ? ಇದು ನಂಗೆ ಬರ್ತದೆ."

"ಹೌದು, ಹೆದರೂದು ನಿಂಗೆ ಯಾರೂ ಕಲಿಸಬೇಕಾಗಿಲ್ಲ," ಅಂದಳು ಮಂಕಾಳಿ, ಕಾಲಿನ ಕೆಸರು ಕೆರೆಯುತ್ತ.

ಅದಕ್ಕೇ ಮಗು, ಕಾಂಡ್ಲಾ ಕಾಡಿನ ಮರದ ಹಲಗೆಯ ಹಾದಿಯಲ್ಲಿ ನಿಂತು ಬಗ್ಗಿ ನೋಡಿದರೆ, ಸಣ್ಣ ಕೈಯಲ್ಲಿ ಉಣ್ಣುತ್ತ ದೊಡ್ಡ ಕೈ ಬೀಸುವ ಏಡಿಗಳು ಇಂದಿಗೂ ಕಾಣುತ್ತವೆ. ಅವು ಬೀಸುವಷ್ಟು ಹೊತ್ತು ನಿಂತು ನೋಡು, ಆದರೆ ಎಲ್ಲ ಕೈಗಳೂ ಒಟ್ಟಿಗೆ ಮಾಯವಾದರೆ ಒಮ್ಮೆ ಹಿಂದೆ ತಿರುಗು, ನೀರು ಬರುತ್ತಿರುತ್ತದೆ.